ಎರಡನೇ ಮಹಡಿಯ ದೇವಿಯ ಪ್ರಸಾದ

ಸಂಕ್ರಾಂತಿ ಮುಗಿದ ವಾರ ನಮ್ಮ ವೈನಿಯನ್ನು ಕರೆದುಕೊಂಡು ಕೊಲ್ಹಾಪುರಕ್ಕೆ ದೇವಿಯ ದರ್ಶನಕ್ಕೆ ಹೋಗಿದ್ದೆ. ದೇವಿ ಎರಡನೇ ಮಹಡಿಯಲ್ಲಿದ್ದಳು. ಲಿಫ್ಟ್ ಇರಲಿಲ್ಲ. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ನಂಬರ್ ಕೂಗುವುದನ್ನು ಕಾಯಬೇಕಿತ್ತು.

ಹೌದು, ಸೈಕಿಯಾಟ್ರಿಸ್ಟ್. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಆದರೆ ಸಾಂಗಲಿಯ ನಮ್ಮ ಗಲ್ಲಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ನಾವು ಹೋಗಿದ್ದು ಅಂಬಾಬಾಯಿಯ ಗುಡಿಗೆ!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ; ನಾನಿರುವುದೂ ಅವರ ಮನೆಯಲ್ಲೇ. ಅಣ್ಣನದು ಮಾರ್ಕೆಟ್ ಯಾರ್ಡಿನಲ್ಲಿ ಕಮಿಷನ್ ಮೇಲೆ ಅರಿಶಿನ ಮಾರಿಸುವ ಅಡತಿ ಅಂಗಡಿ. ವೈನಿಗೆ ಬಹಳ ವರ್ಷಗಳಿಂದ ಶುಗರ್. ಅದನ್ನು ಅವರು ಬಾಗಿಲಲ್ಲಿ ನಿಂತೇ ಹೇಳುತ್ತಾರೆ. ನಮ್ಮ ಕಡೆ ಶುಗರ್ ಮರ್ಯಾದಸ್ಥ ರೋಗ. ಮದುವೆಯ ಪಂಕ್ತಿಯಲ್ಲಿ ಕೂತು ಮಂದಿ "ನಿಮ್ದೆಷ್ಟ ಬಂತ್ರಿ?" "ಅಷ್ಟ ಏನು? ನಂದು ಮುನ್ನೂರು ದಾಟೇತಿ" ಎಂದು ಮಕ್ಕಳ ಮಾರ್ಕ್ಸ್ ಹೇಳಿದಂತೆ ಹೇಳಿಕೊಳ್ಳುತ್ತಾರೆ. ಹೇಳುತ್ತಲೇ ಜಿಲೇಬಿಯನ್ನೂ ಹಾಕಿಸಿಕೊಳ್ಳುತ್ತಾರೆ.

ಆದರೆ ಎರಡು ವರ್ಷದ ಕೆಳಗೆ ವೈನಿಗೆ ಇನ್ನೊಂದು ಕಾಯಿಲೆ ಬಂತು. ನಿದ್ದೆ ಹೋಯಿತು. ಊಟ ಸೇರದಾಯಿತು. ಒಲೆಯ ಮುಂದೆ ನಿಂತು ಸುಮ್ಮನೆ ಅಳುತ್ತಿದ್ದರು. ಯಾಕೆಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಕೊಲ್ಹಾಪುರದ ಡಾಕ್ಟರ್ ಬಾಯಿ, ಎಂದರೆ ಲೇಡಿ ಡಾಕ್ಟರ್, ಕೊಟ್ಟ ಗುಳಿಗೆ ಹಿಡಿಸಿತು. ವೈನಿ ಮತ್ತೆ ರೊಟ್ಟಿ ಬಡಿಯತೊಡಗಿದರು, ಮತ್ತೆ ನನ್ನನ್ನು ಬೈಯತೊಡಗಿದರು. (ಮೊದಲ ಸಲ ಬೈದ ದಿನ ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ.)

ಮಿರಜ್ ಬಿಟ್ಟು ಕೊಲ್ಹಾಪುರ ಯಾಕೆ? ನಾನೂ ಅಣ್ಣನನ್ನು ಅದನ್ನೇ ಕೇಳಿದ್ದೆ.

"ಹುಚ್ಚಿ ಅದಿ ಏನ? ಮಿರಜ್‌ನ್ಯಾಗ ಹೆಜ್ಜಿಗೊಬ್ಬ ನಮ್ಮ ಪರಿಚಯದಾವ. ಯಾರರ ನೋಡಿದ್ರ?" ಎಂದ.

(ಹುಚ್ಚು ಎಂಬ ಮಾತನ್ನು ಅವನು ನನಗೊಬ್ಬಳಿಗೆ ಮಾತ್ರ ಸಲೀಸಾಗಿ ಅನ್ನುತ್ತಾನೆ.)

ನೋಡಿ ನಮ್ಮ ಜಾಣತನ! ಅಥಣಿ, ಜಮಖಂಡಿ, ವಿಜಯಪುರದ ಮಂದಿ ರೋಗಿಯನ್ನು ಕರೆದುಕೊಂಡು ಮಿರಜಿಗೆ ಬರುತ್ತಾರೆ. ಸ್ಟೇಷನ್ನಿನಲ್ಲಿ ಇಳಿದವರನ್ನು ರಿಕ್ಷಾದವರು ಊರು ಕೇಳುವ ಮೊದಲು "ಯಾವ ದವಾಖಾನೆ?" ಎಂದು ಕೇಳುತ್ತಾರೆ. ಸಾಂಗಲಿಯವರಾದ ನಮಗೆ ಅದು ಮಗ್ಗುಲಲ್ಲೇ ಇದೆ. ಆದರೂ ಮನಸ್ಸಿನ ಮಾತು ಬಂದರೆ ಸೆರಗು ಮುಚ್ಚಿಕೊಂಡು ಇನ್ನೊಂದು ಊರಿಗೆ ಓಡುತ್ತೇವೆ.

ಓಡಿದರೆ ಮುಗಿಯಿತೇ? ದೇವರಿಗೆ ಹೋದವರು ಬರಿಗೈಯಲ್ಲಿ ಬಂದರೆ ಯಾರು ನಂಬುತ್ತಾರೆ? ಅದಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರ ಪೇಢೆ ಕೊಳ್ಳಬೇಕು. ಸಂಜೆ ಗಲ್ಲಿಯ ಮನೆಮನೆಗೆ ಹಂಚಬೇಕು. ಹಂಚಿದ ಮನೆಯಲ್ಲೆಲ್ಲ "ನೀವೂ ಒಂದು ತುಣುಕು ತಗೋರಿ" ಎನ್ನುತ್ತಾರೆ. ಪ್ರಸಾದ ಒಲ್ಲೆ ಎನ್ನುವಂತಿಲ್ಲವಲ್ಲ! ಶುಗರ್ ಇರುವ ನಮ್ಮ ವೈನಿ ತಮ್ಮ ಸುಳ್ಳನ್ನು ತಾವೇ ಮನೆಮನೆಯಲ್ಲಿ ತಿಂದು ಬರುತ್ತಿದ್ದರು.

ಆ ದಿನ ಅಂಗಡಿಯ ಕೆಲಸವಿದ್ದುದರಿಂದ ಅಣ್ಣನ ಬದಲು ನಾನು ಹೋಗಿದ್ದೆ. ಮೆಟ್ಟಿಲು ಹತ್ತಿ ಉಸಿರು ಬಿಡುತ್ತ ನೋಡಿದರೆ ಮೂಲೆಯ ಕುರ್ಚಿಯಲ್ಲಿ ಯಾರು? ನಮ್ಮ ಎದುರು ಮನೆಯ ಸುಮನ್ ಮಾವಶಿ, ಗಲ್ಲಿಗೆಲ್ಲ ಚಿಕ್ಕಮ್ಮ! ಪಕ್ಕದಲ್ಲಿ ಅವರ ರಿಟೈರ್ ಆದ ಯಜಮಾನರು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಪೇಪರ್ ತಲೆಕೆಳಗಾಗಿತ್ತು.

"ಏನ್ರಿ ಮಾವಶಿ, ಇತ್ಲಾಗ?" ಎಂದರು ವೈನಿ.

"ದೇವಿಗೆ ಬಂದಿದ್ವಿ ನೋಡ್ರಿ. ನೀವು?"

"ನಾವೂ ದೇವಿಗೇ."

ನಾಲ್ವರೂ ಗೋಡೆಯ ಮೇಲಿನ ಮೆದುಳಿನ ಚಿತ್ರ ನೋಡುತ್ತ ಕೂತೆವು. ಒಳಗೆ ಹೋದಾಗ ನಾನು ಡಾಕ್ಟರ್ ಬಾಯಿಯನ್ನು ಕೇಳಿಯೇಬಿಟ್ಟೆ, "ನಮ್ಮ ಊರಾಗ ಇಂಥಾ ಡಾಕ್ಟರ್ ಇಲ್ಲೇನ್ರಿ?" ಅವರು ನಕ್ಕು ಅಂದರು, "ಬೇಕಾದಷ್ಟು ಅದಾರ್ರಿ. ಈ ಕೊಲ್ಹಾಪುರದವರು ನನ್ನ ಕಡೆ ಬರೂದಿಲ್ಲ, ಮಿರಜಿಗೆ ಹೋಗ್ತಾರ."

ಸಂಜೆ ನಾವು ಸುಮನ್ ಮಾವಶಿಯ ಮನೆಗೆ ಪೇಢೆ ಕೊಟ್ಟೆವು. ಅವರು ನಮಗೆ ಪೇಢೆ ಕೊಟ್ಟರು. ಎರಡೂ ಒಂದೇ ಅಂಗಡಿಯವು. ಎರಡೂ ಮನೆಯವರು ಕಣ್ಣಿಗೊತ್ತಿಕೊಂಡು ತಿಂದೆವು.

ಇಲ್ಲಿಯವರೆಗೆ ಇದು ನಗುವ ಕಥೆ.

ಆಮೇಲೆ ಅರಿಶಿನದ ಸೀಜನ್ ಶುರುವಾಯಿತು. ಅಣ್ಣನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ನಾನು ಮಗಳ ಬಾಣಂತನಕ್ಕೆಂದು ಸೋಲಾಪುರದಲ್ಲಿದ್ದೆ. ಗುಳಿಗೆ ತೀರಿದವು ಎಂದು ವೈನಿ ಹೇಳಿದರೆ ಅಣ್ಣ ಏನಂದನಂತೆ ಗೊತ್ತೇ? "ದೇವಿಗೆ ಒಂದ್ ಸಲ ತಪ್ಪಿದ್ರ ಏನಾಗ್ತದ?" ಹೇಳಿ ಹೇಳಿ ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟಿದ್ದ ಪುಣ್ಯಾತ್ಮ.

ಒಂದು ಸಲ ತಪ್ಪಿತು, ಇನ್ನೊಂದು ಸಲವೂ ತಪ್ಪಿತು. ವೈನಿ ಮತ್ತೆ ಮಂಕಾದರು. ಏಳುವುದೇ ಬೇಡ ಎನ್ನಿಸಿದವರು ಶುಗರ್ ಗುಳಿಗೆಯನ್ನು ನೆನಪಿಟ್ಟು ನುಂಗುತ್ತಾರೆಯೇ? ಅದೂ ನಿಂತಿತು. ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯವಾಗಿದ್ದನ್ನು ಅವರೂ ನೋಡಲಿಲ್ಲ, ಯಾರೂ ನೋಡಲಿಲ್ಲ. ನಾನು ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಅವರು ಮಿರಜಿನ ಆಸ್ಪತ್ರೆಯ ಕಾಟಿನ ಮೇಲಿದ್ದರು. ಬೆರಳು ಉಳಿಯುವ ಭರವಸೆ ಡಾಕ್ಟರಿಗೇ ಇರಲಿಲ್ಲ.

"ಬೇರೆ ಏನಾದರೂ ಗುಳಿಗೆ ತಗೊಳ್ತಿದ್ರಾ?" ಎಂದು ಆ ಡಾಕ್ಟರ್ ಕೇಳಿದರಂತೆ. ಅಣ್ಣ "ಇಲ್ರಿ" ಎಂದನಂತೆ. ಕೇಳಿ ನನ್ನ ಮೈ ಉರಿದುಹೋಯಿತು. ಬೆರಳಿಗಿಂತ ಮರ್ಯಾದೆ ದೊಡ್ಡದೇ?

ಬೆರಳು ಉಳಿಯಿತು. ವೈನಿ ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಮನೆಗೆ ಬಂದರು. ಆದರೆ ಅದೇ ಮಂಕು, ಗೋಡೆ ನೋಡುತ್ತ ಕೂರುವುದು. ಕೊಲ್ಹಾಪುರದ ಮೆಟ್ಟಿಲು ಈ ಕಾಲಲ್ಲಿ ಹತ್ತುವುದು ಹೇಗೆ? ಮಿರಜಿಗೆ ಹೋಗೋಣವೆಂದರೆ ಅಣ್ಣನದು ಮತ್ತದೇ ರಾಗ.

ಅಂಥ ಹೊತ್ತಿನಲ್ಲಿ ಒಂದು ಮುಂಜಾನೆ ಸರ್ವೆಯ ಹುಡುಗಿ ಬಂದಳು. ಪಕ್ಕದ ಕುಪವಾಡದವಳು. ಹಳೆಯ ಕಾಯಿಲೆ ಇರುವ ಮನೆಗಳಲ್ಲಿ ದೇಹಕ್ಕೆಷ್ಟು, ಮನಸ್ಸಿಗೆಷ್ಟು ಖರ್ಚಾಗುತ್ತದೆ ಎಂದು ಯಾವುದೋ ಸಂಶೋಧನೆಗಾಗಿ ಕೇಳುತ್ತಿದ್ದಳು. ಕೈಯಲ್ಲಿ ಟ್ಯಾಬ್. "ಕನ್ನಡ ತಿಳೀತದ ಕಾಕೂ, ಮಾತಾಡ್ಲಿಕ್ಕೆ ಅಷ್ಟ ಬರೂದಿಲ್ಲ" ಎಂದು ವೈನಿಗೆ ಹೇಳಿ, ನಾಚಿ ಮರಾಠಿಯಲ್ಲೇ ಶುರುಮಾಡಿದಳು. ಶುಗರಿನ ಪ್ರಶ್ನೆಗಳಿಗೆಲ್ಲ ಅಣ್ಣ ಗಿಣಿಯಂತೆ ಉತ್ತರ ಕೊಟ್ಟ. ಮನಸ್ಸಿನ ಪ್ರಶ್ನೆ ಬಂದೊಡನೆ, "ನಮ್ಮ ಮನ್ಯಾಗ ಅಂಥಾದ್ದೇನಿಲ್ಲವ್ವಾ. ಚಹಾ ಕುಡಿ, ಪೇಢೆ ತಗೋ" ಎಂದ. ಸುಮನ್ ಮಾವಶಿ ಹಿಂದಿನ ಸಂಜೆ ಕಳಿಸಿದ್ದ ಪೇಢೆ!

"ಅಯ್ಯಾ, ಈ ಗಲ್ಲ್ಯಾಗ ಎಲ್ಲಾರ ಮನ್ಯಾಗೂ ಪ್ರಸಾದ ಐತಿ" ಎಂದಳು ಆ ಹುಡುಗಿ ಮರಾಠಿಯಲ್ಲಿ, ಪಾಪ, ಏನೂ ಅರಿಯದೆ.

ವೈನಿ ಆ ಪೇಢೆಯನ್ನು ನೋಡಿದರು. ಬ್ಯಾಂಡೇಜ್ ಕಟ್ಟಿದ ಕಾಲನ್ನು ನೋಡಿದರು. ಎಷ್ಟೋ ದಿನದ ಮೇಲೆ ಅವರ ದನಿ ಕೇಳಿಸಿತು.

"ಬರ್ಕೋ ತಂಗಿ. ನನಗ ಮನಸಿನ ಬ್ಯಾನಿ ಐತಿ. ಗುಳಿಗಿ ತಗೋತಿದ್ದೆ, ಆರಾಮ ಇದ್ದೆ. ಅದಕ್ಕ ಕೊಲ್ಹಾಪುರಕ್ಕ ಹೋದ ಗಾಡಿ ಭಾಡಾ ಬರ್ಕೋ. ಈ ಪೇಢೆನೂ ಬರ್ಕೋ. ಈ ಕಾಲಿಂದೂ ಅದರಾಗ ಸೇರ್ಸು."

ಅಣ್ಣ ಬಾಯಿ ತೆರೆದ.

"ನೀವು ಸುಮ್ನ ಕುಂದ್ರಿ" ಎಂದರು ವೈನಿ. ಅಂಗಡಿಯಲ್ಲಿ ಹಮಾಲರನ್ನು ಗದರಿಸುವ ನನ್ನ ಅಣ್ಣ ಸುಮ್ಮನೆ ಕೂತ!

ಹುಡುಗಿ ಪಾಪ ಟ್ಯಾಬಿನ ಕಾಲಂಗಳನ್ನೆಲ್ಲ ತಿರುಗಿಸಿ ಮುರುಗಿಸಿ ನೋಡಿದಳು. "ಪೇಢೆ ಯಾವ ಖಾನ್ಯಾಗ ಹಾಕ್ಲಿ ಕಾಕೂ?"

ನನ್ನ ತಕರಾರೂ ಅದೇ ಸ್ವಾಮಿ. ಶುಗರ್ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಎಂದು ಬೇರೆ ಬೇರೆ ಲೆಕ್ಕ ಹಾಕುವವರು ನಮ್ಮ ವೈನಿಯ ಹೆಬ್ಬೆರಳು ಯಾವ ಕಡೆಯದು ಎಂದು ಹೇಳಲಿ ನೋಡೋಣ. ಗಾಯ ಕಾಲಿಗಾಯಿತು, ನಿಜ. ಆದರೆ ಅದು ಹುಟ್ಟಿದ್ದು ಎಲ್ಲಿ? ಮನಸ್ಸಿನ ಗುಳಿಗೆ ದುಬಾರಿಯಾಗಿರಲಿಲ್ಲ. ದುಬಾರಿಯಾಗಿದ್ದು ಅದನ್ನು ಮುಚ್ಚಿಡುವ ಕೆಲಸ. ಸಂಶೋಧನೆ ಮಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ, ನಾನು ಬೇಕಾದರೆ ಸಾಕ್ಷಿ ಹೇಳುತ್ತೇನೆ.

ಮರುದಿನ ಅಣ್ಣ ತಾನೇ ಹೋಗಿ ಮಿರಜಿನ ಆಸ್ಪತ್ರೆಯಲ್ಲಿ ಎಲ್ಲ ಹೇಳಿ ಬಂದ. ಅವರು ಅದೇ ಬೀದಿಯ ಇನ್ನೊಬ್ಬ ಡಾಕ್ಟರರ ಹೆಸರು ಕೊಟ್ಟರು, ಮನಸ್ಸಿನವರದು. ನೆಲಮಹಡಿ. ಮೆಟ್ಟಿಲೇ ಇಲ್ಲ.

ಕಳೆದ ಗುರುವಾರ ನಾನೂ ವೈನಿಯೂ ಬಾಗಿಲಲ್ಲಿ ರಿಕ್ಷಾ ಹತ್ತುತ್ತಿದ್ದೆವು. ಹಾಡಹಗಲು. ತರಕಾರಿ ಗಾಡಿಯ ಸುತ್ತ ಅರ್ಧ ಗಲ್ಲಿ ನೆರೆದಿತ್ತು. ಸುಮನ್ ಮಾವಶಿ ಗೇಟಿನಿಂದ ಕೂಗಿ ಕೇಳಿದರು, "ಎಲ್ಲಿಗ್ರಿ, ದೇವಿಗೇನು?"

"ಅಲ್ರಿ ಮಾವಶಿ, ಮಿರಜಿಗೆ" ಎಂದರು ವೈನಿ, ಅವರಿಗಿಂತ ಜೋರಾಗಿ. "ಮನಸಿನ ಡಾಕ್ಟರ್ ಕಡೆ."

ತರಕಾರಿ ಗಾಡಿಯ ಹತ್ತಿರ ಎಲ್ಲರೂ ಇತ್ತ ತಿರುಗಿದರು. ಮಾವಶಿ ಒಳಗೆ ತಿರುಗಿ, "ಅಹೋ, ಪೇಪರ್ ಇಡ್ರಿ, ಚಪ್ಲಿ ಹಾಕ್ಕೋರಿ" ಎಂದು ಯಜಮಾನರನ್ನು ಕರೆದರು. ಗೇಟು ತೆಗೆದು ಸೀದಾ ನಮ್ಮ ಹತ್ತಿರ ಬಂದು ಕೇಳಿದರು:

"ರಿಕ್ಷಾದಾಗ ಇನ್ನಿಬ್ಬರಿಗೆ ಜಾಗಾ ಆದೀತೇನ್ರಿ?"