ಫ್ಲೆಕ್ಸ್ ಮೇಲಿನ ಸೂರ್ಯ

ಹಾರನಹಳ್ಳಿಯಲ್ಲಿ ತಂಗಿಗೆ ಸನ್ಮಾನವಿದ್ದ ದಿನ ಅರಸೀಕೆರೆಯಿಂದ ಇಬ್ಬರೂ ಬಸ್ಸಿನಲ್ಲಿ ಹೋದೆವು. ಅವಳು ಫ್ರಾನ್ಸಿನಿಂದ ರಜೆಗೆ ಬಂದಿದ್ದಳು. ಅಲ್ಲಿ ಹಲವು ದೇಶಗಳು ಸೇರಿ, ಸೂರ್ಯನೊಳಗೆ ನಡೆಯುವಂತೆಯೇ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಯಂತ್ರ ಕಟ್ಟುತ್ತಿವೆ. ಒಂದೊಂದು ಭಾಗ ಒಂದೊಂದು ದೇಶದಿಂದ ಹಡಗಿನಲ್ಲಿ ಬರುತ್ತದೆ. ಅವುಗಳ ಅಂಚುಗಳು ಒಂದಕ್ಕೊಂದು ಕೂಡುತ್ತವೆಯೇ ಎಂದು ಅಳೆದು ನೋಡುವುದು ಅವಳ ಕೆಲಸ.

ಈ ಸಲ ಕೂಡಿರಲಿಲ್ಲ. ಅಳತೆ ತಪ್ಪಿದ್ದ ಭಾಗ, ಅವಳಿಗೆ ಕೆಲಸ ಕಲಿಸಿದ ಹಿರಿಯ ಎಂಜಿನಿಯರರ ದೇಶದ್ದು. ಅಂತರ ಸಣ್ಣದು, ಬೆಸುಗೆಯಲ್ಲಿ ಮುಚ್ಚಬಹುದು ಎನ್ನುವುದು ಅವರ ವಾದ. ಇವಳು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ. ಇಲ್ಲವೆಂದರೆ ಭಾಗವನ್ನು ಹೊರಗೆತ್ತಿ ಸರಿಪಡಿಸಬೇಕು, ವರ್ಷಗಟ್ಟಲೆ ತಡ. ಆ ಮಧ್ಯಾಹ್ನವೇ ಅವರಿಗೆ ಫೋನಿನಲ್ಲಿ ಉತ್ತರ ಹೇಳಬೇಕಿತ್ತು.

"ಬೆಸುಗೆ ಬಿಟ್ಟರೆ ಏನಾಗುತ್ತೆ?" ಎಂದು ಬಸ್ಸಿನಲ್ಲಿ ಕೇಳಿದೆ.

"ಈಗಲೇ ಏನೂ ಆಗಲ್ಲ ಅಕ್ಕ. ಅದೇ ಕಷ್ಟ. ಯಂತ್ರ ಶುರುವಾದಮೇಲೆ ಬಿಟ್ಟರೆ, ಒಳಗೆಲ್ಲ ವಿಕಿರಣ ಇರುತ್ತೆ, ಯಾರೂ ಹೋಗಿ ಮುಟ್ಟೋಕಾಗಲ್ಲ."

ಅವಳು ಓದಿದ ಶಾಲೆಯ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದರು: 'ಸೂರ್ಯನನ್ನು ಭೂಮಿಗೆ ತಂದ ನಮ್ಮೂರ ಮಗಳು'. ಸಮಾರಂಭದ ಉಸ್ತುವಾರಿ ನಮ್ಮ ಚಿಕ್ಕಪ್ಪನದು.

"ಇನ್ನೂ ತಂದಿಲ್ಲ ಚಿಕ್ಕಪ್ಪ, ಬಿಚ್ಚಿಸಿ," ಎಂದಳು ತಂಗಿ.

"ಕಟ್ಟಿ ಆಗೈತಲ್ಲವ್ವ. ಈಗ ಸೂರ್ಯನ್ನ ವಾಪಸ್ ಕಳ್ಸು ಅಂದ್ರೆ ಎಲ್ಲಿಗ್ ಕಳ್ಸಲಿ?"

ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮುಂದಿನ ಸಾಲಿನಿಂದ ವಯಸ್ಸಾದ ರೈತರೊಬ್ಬರು ಎದ್ದು ನಿಂತರು.

"ಅಲ್ಲ ಕಣವ್ವ, ನಿನ್ ಸೂರ್ಯ ಬಂದ್ಮೇಲಾದ್ರೂ ಪಂಪ್‌ಸೆಟ್ಟಿಗೆ ಹಗಲೊತ್ತು ಕರೆಂಟ್ ಕೊಡ್ತಾರಾ? ಈಗಿರೋ ಸೂರ್ಯ ಮುಳುಗಿದ್ಮೇಲೇ ಕೊಡೋದು."

ಸಭೆ ನಕ್ಕಿತು. ಅವಳು ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಿಮ್ಮ ಕಾಲಕ್ಕೆ ಬರಲ್ಲ ದೊಡ್ಡಪ್ಪ. ನನ್ನ ಕಾಲಕ್ಕೆ ಬರುತ್ತೋ ಇಲ್ವೋ. ಇವತ್ತು ನನ್ನಿಂದಲೇ ಇನ್ನಷ್ಟು ತಡ ಆಗುತ್ತೆ ಅನ್ಸುತ್ತೆ."

ಚಿಕ್ಕಪ್ಪ ಅವಸರವಾಗಿ ಮೈಕು ಹಿಡಿದು ವಂದನಾರ್ಪಣೆ ಶುರು ಮಾಡಿದರು.

ಊಟಕ್ಕೆ ಎಲೆ ಹಾಕುವಾಗ ಆ ಎಂಜಿನಿಯರರ ಫೋನ್ ಬಂತು. ಅವಳು ಖಾಲಿ ತರಗತಿಗೆ ಹೋದಳು, ನಾನು ಬಾಗಿಲಲ್ಲಿ ನಿಂತೆ. ಮೊದಲು ಅವರ ಹೆಂಡತಿಯ ಮಂಡಿನೋವು ವಿಚಾರಿಸಿದಳು. ಆಮೇಲೆ ಅಳತೆ ಹೇಳಿದಳು, ಒಪ್ಪಲಾರೆ ಎಂದಳು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಇವಳು ಅದೇ ಅಳತೆಯನ್ನು ಇನ್ನೊಮ್ಮೆ ಹೇಳಿದಳು, ಅಷ್ಟೇ.

"ಫೋನ್ ಇಟ್ಟುಬಿಟ್ರು," ಎಂದಳು. "ಯಾವಾಗಲೂ ನಾನು ಇಡೋವರೆಗೆ ಕಾಯ್ತಿದ್ರು."

ಊಟಕ್ಕೆ ಕುಳಿತವಳು ಅನ್ನ ಕಲಸಿಟ್ಟು, ತಿನ್ನದೆ ಎದ್ದಳು. ಹೊರಡುವಾಗ ಚಿಕ್ಕಪ್ಪ ಸ್ಟೂಲು ಹತ್ತಿ ಫ್ಲೆಕ್ಸ್ ಬಿಚ್ಚುತ್ತಿದ್ದರು. "ಮಡಿಸಿ ಅಟ್ಟದ ಮೇಲೆ ಇಟ್ಟಿರ್ತೀನಿ ಬಿಡವ್ವ. ಆದಾಗ ಕಟ್ಟಾನ," ಎಂದರು.

ಬಸ್ಸಿನಲ್ಲಿ ಅವಳು ಫೋನನ್ನು ಕೈಯಲ್ಲೇ ಹಿಡಿದು ಕುಳಿತಿದ್ದಳು. ಅರಸೀಕೆರೆ ಬರುವವರೆಗೂ ಅದು ರಿಂಗಾಗಲಿಲ್ಲ.