ಬಾವಿಯ ಮೂಚ್ಚು

ನನ್ನ ತಮ್ಮನ ಹೆಂಡತಿ ಐದು ತಿಂಗಳ ಬಸುರಿ, ಪಾಯಿಖಾನೆ ನೋಡಿದರೆ ಹಿತ್ತಲಿನ ಕಟ್ಟಕಡೆಗೆ. ನಡುವೆ ಬಟ್ಟೆ ಒಗೆಯೋ ಕಲ್ಲು, ಅದರ ಸುತ್ತ ಪಾಚಿ. ಪಾಚಿ ದಾಟಿದರೆ ನುಗ್ಗೆ ಮರದ ಕಂಬಳಿಹುಳ. ಅದನ್ನೂ ದಾಟಿದರೆ, ಹಸು ಮಾರಿ ವರ್ಷಗಳಾದರೂ ಬಿಚ್ಚದೆ ಬಿಟ್ಟ ಕೊಟ್ಟಿಗೆಯ ಮುರುಕು ಶೀಟು. ತಮಿಳುನಾಡಿನ ನಮ್ಮೂರು ಮಾರ್ಕಯನ್‌ಕೋಟ್ಟೈಯಲ್ಲಿ ಪೊಂಗಲ್ ಬಂತೆಂದರೆ ಮನೆಯ ಮುಂದುಗಡೆಗೆ ಬಣ್ಣ ಬಳಿಯದವರಿಲ್ಲ, ಹಿತ್ತಲ ಕಡೆ ತಿರುಗಿ ನೋಡುವವರೂ ಇಲ್ಲ. ಒಂದು ಬೆಳಗ್ಗೆ ಆ ಹುಡುಗಿ ಪಾಚಿಯ ಮೇಲೆ ಜಾರಿ, ಒಗೆಯೋ ಕಲ್ಲನ್ನು ತಬ್ಬಿಕೊಂಡು ಹೇಗೋ ನಿಂತಳಂತೆ. ಮದುವೆಯಾಗಿ ಎಂಟೊಂಬತ್ತು ವರ್ಷಕ್ಕೆ, ಎರಡು ಸಲ ಹೋದ ಮೇಲೆ, ನಿಂತ ಬಸುರು ಅದು. ತೇನಿಯಲ್ಲಿದ್ದ ನನಗೆ ಫೋನಿನಲ್ಲಿ ಸುದ್ದಿ ಬಂತು.

ಅವತ್ತೇ ಬಸ್ಸು ಹತ್ತಿ ಹೋಗಿ ತಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದೆ. "ಬಾಳೆ ತೋಟಕ್ಕೆ ಮೂಲೆ ಮೂಲೆಗೂ ಪೈಪು ಎಳೆಸ್ತೀಯ, ಹೆಂಡ್ತಿ ನಡೆಯಾಕೆ ಒಂದು ಹಾದಿ ಮಾಡ್ಸಾಕಾಗಲ್ವಾ ತಂಬಿ?" ಅವನು ತಲೆ ಕೆರೆದುಕೊಂಡ. ಒಳ್ಳೆಯವನೇ, ಆದರೆ ಯಾರಾದರೂ ಹಿಂದಿನಿಂದ ತಳ್ಳಬೇಕು. ಸರಿ, ನಾನೇ ರಂಗೋಲಿ ಪುಡಿಯ ಡಬ್ಬ ತಂದು ನೆಲದ ಮೇಲೇ ಗೆರೆ ಎಳೆದೆ. ಹಿಂಬಾಗಿಲಿಗೆ ಹೊಂದಿಕೊಂಡು ಹೊಸ ಪಾಯಿಖಾನೆ, ಅಲ್ಲಿಗೆ ಜಾರದ ಸಿಮೆಂಟು ಹಾದಿ, ಹಿಡಿದುಕೊಳ್ಳಲು ಕಂಬಿ. ಕೊಟ್ಟಿಗೆ ಬಿಚ್ಚಿ ಅದೇ ಜಾಗದಲ್ಲಿ ಜಗಲಿ, ಮೇಲೆ ಶೀಟು, ಸಂಜೆ ಗಾಳಿಗೆ ಕೂರಲು ಕಲ್ಲಿನ ಬೆಂಚು. ಒಗೆದ ನೀರು ಬಾಳೆ ಬುಡಕ್ಕೆ ಹೋಗೋ ಹಾಗೆ ಒಂದು ಕಾಲುವೆ. ಉಳಿದ ನೆಲಕ್ಕೆಲ್ಲ ಪೇವರ್ ಬ್ಲಾಕು. ಮಗು ಬಿದ್ದರೆ ಎದ್ದರೆ ಕಣ್ಣಿಗೆ ಕಾಣುವಂಥ ಹಿತ್ತಲು ಆಗಬೇಕು ಅಂತ ನನ್ನ ಹಟ.

ನಡುಮಧ್ಯೆ ಬಾವಿ ಇತ್ತು. ಮನೆಗೆ ಬೋರು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಕಟ್ಟೆ ಒಂದು ಪಕ್ಕ ಕುಸಿದಿತ್ತು, ನೀರು ತಳದಲ್ಲೆಲ್ಲೋ ಕಪ್ಪಗೆ ಮಿಣುಗುತ್ತಿತ್ತು. ಅವ್ವ ಮಾತ್ರ ಶುಕ್ರವಾರ ಬಂದರೆ ಕಟ್ಟೆಗೆ ಅರಿಶಿನ ಹಚ್ಚಿ ಕೈಮುಗಿಯುತ್ತಿದ್ದಳು. ನಮ್ಮವರಲ್ಲಿ ಹೆತ್ತವಳು ಬಾಣಂತನದ ಮೈಲಿಗೆ ಕಳೆದ ದಿನ ಮೊದಲು ಬಾವಿಗೆ ಪೂಜೆ ಮಾಡಿ ಒಂದು ಕೊಡ ನೀರು ಸೇದಬೇಕು, ಆಮೇಲೆ ಒಲೆಯ ಹತ್ತಿರ ಹೋಗಬೇಕು. ನನ್ನನ್ನು ಹೆತ್ತಾಗಲೂ ತಮ್ಮನನ್ನು ಹೆತ್ತಾಗಲೂ ಅವ್ವ ಸೇದಿದ್ದು ಇದೇ ಬಾವಿಯಲ್ಲಿ. ಬೇರೆಲ್ಲ ತೀರ್ಮಾನವಾಯಿತು, ಬಾವಿಯನ್ನು ಏನು ಮಾಡೋದು ಅನ್ನೋದೊಂದು ಉಳಿಯಿತು. ಅಷ್ಟರಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸುವ ದಿನ ಬಂತು, ನಾನು ಅವಳನ್ನು ತೇನಿಗೆ ಕರೆದುಕೊಂಡು ಬಂದೆ.

ಆಪರೇಷನ್ ಆಗಿ ಅವ್ವ ನಮ್ಮನೆಯಲ್ಲಿ ಮಲಗಿದ್ದಾಗ ಒಂದು ಮಧ್ಯಾಹ್ನ ಫೋನು ಬಂತು. ತಮ್ಮ ತೋಟದಲ್ಲಿದ್ದ, ಮಾತಾಡಿದ್ದು ಅವನ ಹೆಂಡತಿ. ಹಿಂದೆ ಮೇಸ್ತ್ರಿಯ ಸಿಮೆಂಟು ಕಲಸೋ ಮೆಷಿನ್ನು ಗಡಗಡ ಅನ್ನುತ್ತಿತ್ತು. ನಾನು ಅವ್ವನ ಕಣ್ಣಿಗೆ ಮದ್ದು ಬಿಡುತ್ತಿದ್ದೆ, ಫೋನು ಸ್ಪೀಕರಿಗೆ ಹಾಕಿ ದಿಂಬಿನ ಪಕ್ಕ ಇಟ್ಟೆ.

"ಅತ್ತೆ, ಬಾವಿ ಏನ್ ಮಾಡೋದು ಅಂತ ಮೇಸ್ತ್ರಿ ಕೇಳ್ತಾರೆ."

"ಬಾವಿ ಮೂಚ್ಚು ಬಿಡ್ಲಿ ಕಣ್ಣು," ಅಂದಳು ಅವ್ವ. ಅಕ್ಕರೆಗೆ ಸೊಸೆಯನ್ನು ಅವಳು 'ಕಣ್ಣು' ಅಂತಲೇ ಕರೆಯೋದು.

"ಪೂರಾನಾ ಅತ್ತೆ?"

"ಹೂಂ, ನಲ್ಲಾ ಮೂಚ್ಚು ಬಿಡ್ಲಿ. ಬಿದ್ಗಿದ್ದಾರು ಅಂತ ಭಯ ಇದ್ರೆ ಕಂಬಿ ಗಿಂಬಿ..." ಅಷ್ಟರಲ್ಲಿ ಮೆಷಿನ್ನು ಇನ್ನೂ ಜೋರಾಯಿತು, ಲೈನು ಕಟ್ಟಾಯಿತು.

ಇಲ್ಲಿ ನಮ್ಮ ಮಾತಿನ ವಿಷಯ ಒಂದಿಷ್ಟು ಹೇಳಲೇಬೇಕು. ನಮ್ಮದು ಮನೆಯೊಳಗಿನ ಕನ್ನಡ. ಅಂಗಡಿ, ಬಸ್ಸು, ಶಾಲೆ ಎಲ್ಲ ತಮಿಳು. ಮದುವೆಯಾದ ಹೊಸತರಲ್ಲಿ ಕೆಲವು ವರ್ಷ ಮೈಸೂರಿನಲ್ಲಿದ್ದೆ, ಅಕ್ಷರ ಕಲಿತದ್ದು ಆಗ. 'ಉಸಿರು' ಅಂತ ಒಂದು ಮಾತಿದೆ ಅನ್ನೋದು ನನಗೆ ಗೊತ್ತಾದದ್ದೂ ಅಲ್ಲೇ. ನಮ್ಮನೆಯಲ್ಲಿ ಆ ಮಾತು ಯಾವ ಕಾಲಕ್ಕೆ ಸತ್ತಿತೋ, ನಾವು ತಮಿಳಿನವರ ಹಾಗೆ ಮೂಚ್ಚು ಅಂತಲೇ ಅನ್ನೋದು. ಉಸಿರಾಡು ಅನ್ನಲು 'ಮೂಚ್ಚು ಬಿಡು'. ಬಾವಿ ನಲ್ಲಾ ಮೂಚ್ಚು ಬಿಡ್ಲಿ ಅಂದರೆ ಅದು ಚೆನ್ನಾಗಿ ಉಸಿರಾಡಿಕೊಂಡಿರಲಿ, ಬಾಯಿ ಕಟ್ಟಬೇಡಿ ಅಂತ. ಅವ್ವನ ಮಾತು ನನಗೆ ನೆಟ್ಟಗೆ ತಿಳಿಯಿತು, ಹಾಗಾಗಿ ಅದರಲ್ಲಿ ಯೋಚಿಸೋದೇನೂ ಕಾಣಲಿಲ್ಲ. ಆದರೆ ಹುಡುಗಿ ನಮ್ಮವರಲ್ಲೇ ಆದರೂ ಬೆಳೆದದ್ದು ದಿಂಡಿಗಲ್ ಪೇಟೆಯಲ್ಲಿ. ಕನ್ನಡ ತಿಳಿಯುತ್ತೆ, ನಾಲಿಗೆಗೆ ಅಷ್ಟು ಹತ್ತಲ್ಲ. ಅತ್ತೆಯ ಹತ್ತಿರ ಕನ್ನಡದಲ್ಲೇ ಮಾತಾಡಬೇಕು ಅಂತ ಪಾಪ ಆಸೆ. ಅವಳು ಕನ್ನಡವನ್ನೇ ಕೇಳಿಸಿಕೊಂಡಳು. ಮುಚ್ ಬಿಡ್ಲಿ.

ಎರಡು ವಾರದ ಮೇಲೆ ಅವ್ವನನ್ನು ಊರಿಗೆ ಕರೆತಂದೆ. ಕಪ್ಪು ಕನ್ನಡಕ ಹಾಕಿಕೊಂಡು ಸಿನಿಮಾದವಳ ಹಾಗೆ ಬಸ್ಸಿಳಿದಳು, ನಾನೂ ಚುಡಾಯಿಸಿದೆ. ಹೊಸ ಕಣ್ಣಲ್ಲಿ ಹೊಸ ಹಿತ್ತಲು ನೋಡ್ತೀನಿ ಅಂತ ಚಪ್ಪಲಿ ಬಿಟ್ಟವಳೇ ನೇರ ಹಿಂದಕ್ಕೆ ಹೋದಳು. ಹಾದಿ ಆಗಿತ್ತು, ಕಂಬಿ ಆಗಿತ್ತು, ಜಗಲಿಗೆ ನೀಲಿ ಶೀಟು ಬಂದಿತ್ತು. ಬಾವಿ ಇದ್ದಲ್ಲಿ ಹಸಿ ಮಣ್ಣಿನ ದೊಡ್ಡ ಬಿಲ್ಲೆ. ಕೊಟ್ಟಿಗೆಯ ಇಟ್ಟಿಗೆ, ಮುರಿದ ಕಟ್ಟೆ, ಹಳೇ ಪಾಯಿಖಾನೆಯ ಗೋಡೆ ಎಲ್ಲ ಒಳಗೆ ಹೋಗಿತ್ತು. ಮಣ್ಣು ಕೂತ ಮೇಲೆ ಅಲ್ಲೂ ಬ್ಲಾಕು ಹಾಕುತ್ತಾರಂತೆ.

ಅವ್ವ ಕನ್ನಡಕ ತೆಗೆದಳು. "ಯಾರ್ ಹೇಳಿದ್ದು?"

"ನೀವೇ ಹೇಳಿದ್ರಲ್ಲಾ ಅತ್ತೆ, ನಲ್ಲಾ ಮುಚ್ ಬಿಡ್ಲಿ ಅಂತ."

"ನಾನಾ? ನನ್ ನಾಲಿಗೆ ಸೇದ್ಹೋಗಾ! ಮೂಚ್ಚು ಬಿಡ್ಲಿ ಅಂದೆ! ಮೂಚ್ಚು! ಮುಚ್ಚಾದಲ್ಲ!"

ನಾನು ನಡುವೆ ಹೋಗಿ ಇಬ್ಬರಿಗೂ ಬಿಡಿಸಿ ಹೇಳಿದೆ, ಇವಳು ಅಂದದ್ದು ಇದು, ಅವಳಿಗೆ ಕೇಳಿದ್ದು ಅದು, ತಪ್ಪು ಯಾರದೂ ಅಲ್ಲ. ಬರೆದರೆ ಒಂದು ದೀರ್ಘ, ಅಷ್ಟೇ. ಬೇರೆ ಯಾವುದಾದರೂ ವಿಷಯವಾಗಿದ್ದರೆ ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದೆವು. ಅವತ್ತು ಯಾರೂ ನಗಲಿಲ್ಲ. ಅವ್ವ ಸಿಟ್ಟಿನಲ್ಲಿ ಅನ್ನಬಾರದ್ದನ್ನು ಅಂದುಬಿಟ್ಟಳು. "ಬಾವಿ ಮುಚ್ದೋರ ಮನೇಲಿ ತೊಟ್ಲು ಆಡಲ್ಲ ಅಂತ ತಿಳ್ದೋರು ಹೇಳ್ತಿದ್ರು. ಎರಡ್ ಸಲ ಕಂಡೂ ನಿಂಗೆ ಬುದ್ಧಿ ಬರ್ಲಿಲ್ವಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದವಳೇ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು, ಆದರೆ ಅದು ಕೇಳಬೇಕಾದವಳ ಕಿವಿಗೆ ಆಗಲೇ ಬಿದ್ದಾಗಿತ್ತು. ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒಳಗೆ ಹೋದಳು.

ಸಂಜೆ ತಮ್ಮ ಬಂದ. ಮಣ್ಣಿನೊಳಕ್ಕೆ ಒಂದು ಪೈಪು ಇಳಿಸಿಬಿಡೋಣ, ಗಾಳಿಯಾಡಲಿ, ಬಾವಿ ಮುಚ್ಚುವವರೆಲ್ಲ ಹಾಗೇ ಮಾಡೋದು ಅಂದ. ಅವ್ವ ಅವನ ಮುಖವನ್ನೂ ನೋಡಲಿಲ್ಲ. "ಸತ್ತ್ ಮೇಲೆ ಮೂಗಿಗೆ ನಳಿಗೆ ಇಟ್ರೆ ಎದ್ದ್ ಕೂರ್ತಾರಾ?" ಅಂದಳು.

ಹುಡುಗಿ ಊಟ ಬಿಟ್ಟಳು. ಬಿಟ್ಟಳು ಅಂದರೆ ಹಟಕ್ಕಲ್ಲ, ಬಾಯಿಗಿಟ್ಟದ್ದು ಇಳಿಯುತ್ತಿರಲಿಲ್ಲ. ಮಲಗಿದ್ದಲ್ಲಿಂದಲೇ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಳ್ಳೋಳು. "ಅಕ್ಕಾ, ಬೆಳಗ್ಗಿಂದ ಆಡ್ಲೇ ಇಲ್ಲ. ನೀನು ನೋಡು." ನನ್ನ ಅಂಗೈ ಕೆಳಗೆ ಅದು ಚೆನ್ನಾಗಿಯೇ ಒದೆಯುತ್ತಿತ್ತು, ಆದರೂ ಅವಳಿಗೆ ನಂಬಿಕೆಯಿಲ್ಲ. ಬೀದಿಯ ಹೆಂಗಸರು ಕರಿಬೇವು ಕೇಳುವ ನೆಪದಲ್ಲಿ ಬಂದು ಹಿತ್ತಲಿಗೆ ಇಣುಕಿ, ಲೊಚಗುಟ್ಟಿ ಹೋಗುತ್ತಿದ್ದರು. ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರೆ ಬಿ.ಪಿ. ಏರಿದೆ, ಮನಸ್ಸಿಗೆ ಏನು ಹಚ್ಚಿಕೊಂಡಿದ್ದಾಳೆ ಇವಳು, ಹೀಗೇ ಆದರೆ ಮಗುವಿಗೆ ಕಷ್ಟ ಅಂದರು. ಏನಂತ ಹೇಳೋದು ಅವರಿಗೆ? ಬಾವಿ ಅಂತಲಾ?

ಮನೆಗೆ ಬಂದ ನನಗೆ ಉರಿದುಹೋಯಿತು. ಅವ್ವ ಹೊಸ ಬೆಂಚಿನ ಮೇಲೆ ಕೂತು ಆ ಮಣ್ಣಿನ ಬಿಲ್ಲೆಯನ್ನೇ ನೋಡುತ್ತಿದ್ದಳು. "ಕಲ್ಲು ಮಣ್ಣಿಗೆ ಮೂಚ್ಚು ಬೇಕು ಅಂತೀಯಲ್ಲ," ಅಂದೆ, "ಹೊಟ್ಟೇಲಿರೋ ಆ ಜೀವಕ್ಕೆ ಬೇಡ್ವಾ? ನೀನ್ ಆಡಿದ್ ಒಂದ್ ಮಾತಿಗೆ ಅಲ್ಲಿ ಎರಡ್ ಮೂಚ್ಚು ನಿಲ್ತಾ ಐತೆ, ಹೋಗಿ ನೋಡು!" ಹೆತ್ತವಳಿಗೆ ಅಷ್ಟು ಕಟುವಾಗಿ ನಾನು ಯಾವತ್ತೂ ಅಂದವಳಲ್ಲ.

ಮಾರನೆಯ ದಿನ ಪಕ್ಕದ ಮನೆಯವಳು ಬಂದಳು. ಬಾಯಿ ಅಂದರೆ ಬಾಯಿ ಅವಳದು, ಬೆಳಗ್ಗೆ ಕೇಳಿದ್ದು ಮಧ್ಯಾಹ್ನಕ್ಕೆ ಗೂಡಲೂರು ಮುಟ್ಟುತ್ತೆ. ಬಾಗಿಲ ಹಿಂದೆ ಹುಡುಗಿ ಮಲಗಿದ್ದಾಳೆ ಅಂತ ಗೊತ್ತಿದ್ದೂ ದನಿ ಎತ್ತಿ ಅಂದಳು: "ಈ ಕಾಲದ ಸೊಸೆಯರಿಗೆ ದೊಡ್ಡೋರನ್ನ ಒಂದ್ ಮಾತು ಕೇಳಾಕೇನು ದಾಡಿ?"

ಅವ್ವ ಬೆಂಚಿನಿಂದ ಎದ್ದಳು. ಬಿಲ್ಲೆಯ ಅಂಚಿಗೆ ಹೋಗಿ ಬಗ್ಗಿದಳು. ಕಣ್ಣಿನ ಆಪರೇಷನ್ ಆದವಳು ಬಗ್ಗಬಾರದು ಅಂತ ನಾನು ಕೂಗುವಷ್ಟರಲ್ಲಿ ಒಂದು ಹಿಡಿ ಮಣ್ಣು ಕೈಗೆ ಬಂದಿತ್ತು. "ಮಣ್ಣು ಮುಟ್ಟಿ ಹೇಳ್ತೀನಿ, ಕೇಳ್ಕೋ. ಮುಚ್ಚು ಅಂದೋಳು ನಾನು. ಅವಳು ಬೇಡ ಅಂದ್ಳು, ನಾನೇ ಬಿಡ್ಲಿಲ್ಲ. ಬೀದೀಲಿ ಹೋಗಿ ಹೇಳು. ಇದ್ರಿಂದ ಏನ್ ಬರೋದಿದ್ರೂ ನನ್ ತಲೆ ಮೇಲೆ ಬರ್ಲಿ, ಅವಳ್ಗೂ ಅವಳ್ ಹೊಟ್ಟೇದ್ಕೂ ಇದು ಸೇರಿದ್ದಲ್ಲ."

ನಮ್ಮವರಲ್ಲಿ ಮಣ್ಣು ಮುಟ್ಟಿ ಸುಳ್ಳಾಡುವವರಿಲ್ಲ. ಪಕ್ಕದ ಮನೆಯವಳು ಕರಿಬೇವು ಕೂಡ ಮರೆತು ಹೋದಳು. ಅವ್ವ ಕೈ ತೊಳೆದುಕೊಂಡು ಒಳಗೆ ಬಂದು, ಮೊಸರನ್ನ ಕಲಸಿ, ಸೊಸೆಯ ತಲೆಗಟ್ಟಿನ ಹತ್ತಿರ ಕೂತು ತುತ್ತು ಇಟ್ಟಳು. ಹುಡುಗಿ ಅಳುತ್ತಾ ಅಳುತ್ತಾ ಅಷ್ಟನ್ನೂ ತಿಂದಳು. ನಾನು ಅಡುಗೆಮನೆಯಲ್ಲಿ ನಿಂತು ಮೂಗು ಒರೆಸಿಕೊಂಡೆ. ಎಂಥಾ ನಾಟಕ ಆಡಿದೆ ತಾಯಿ, ನಿನ್ನ ಬಾಯಿಗೆ ಸಕ್ಕರೆ ಹಾಕ ಅಂದುಕೊಂಡೆ.

ಬಿ.ಪಿ. ಇಳಿಯಿತು. ತಿಂಗಳು ತುಂಬಿ ಗಂಡು ಮಗು ಹುಟ್ಟಿತು. ಎಷ್ಟು ಕಪ್ಪು ಕೂದಲು, ಎಷ್ಟು ಗಂಟಲು! ಆಸ್ಪತ್ರೆಯಲ್ಲಿ ಅವ್ವನ ಕೈಗೆ ಕೊಡಲು ಹೋದೆ. ಕೆಮ್ಮು ಐತೆ, ನೀನೇ ಇಟ್ಕೋ ಅಂದಳು. ಮನೆಗೆ ಬಂದ ಮೇಲೆ ಕೈ ನಡುಗುತ್ತೆ ಅಂದಳು. ಬಾಣಂತಿಗೆ ನೀರು ಕಾಯಿಸಿದ್ದು ಅವಳು, ಖಾರ ಕುಟ್ಟಿದ್ದು ಅವಳು, ಮಗುವಿನ ಬಟ್ಟೆ ಒಗೆದದ್ದು ಅವಳು. ಬಾವಿಯ ಬದಲು ಹುಡುಗಿ ಬೋರಿನ ನಲ್ಲಿಗೆ ಅರಿಶಿನ ಹಚ್ಚಿ ಪೂಜೆ ಮಾಡಿ ಕೊಡ ತುಂಬಿದ ದಿನ, ಅವಳು ದೂರ ಬಾಗಿಲಲ್ಲೇ ನಿಂತು ಹೀಗೆ ಮಾಡು, ಹಾಗೆ ಮಾಡು ಅಂತ ಹೇಳಿಕೊಟ್ಟಳು. ತೊಟ್ಟಿಲಿಗೆ ಹಾಕುವಾಗ ಅಜ್ಜಿ ಬಾ ಅಂತ ಎಲ್ಲರೂ ಕರೆದರು. ಅವಳು ಅಡುಗೆಮನೆಯಿಂದ ಬರಲಿಲ್ಲ.

ಆಗ ನನಗೆ ಹೊಳೆಯಿತು, ಅವ್ವ ಇನ್ನೂ ಒಂದು ಸಲವೂ ಮಗುವನ್ನು ಮುಟ್ಟಿಲ್ಲ. ಹೋಗಿ ರಟ್ಟೆ ಹಿಡಿದೆ. "ಏನವ್ವಾ ಇದು? ಅವತ್ತು ಅಂದದ್ದು ಪಕ್ಕದ್ ಮನೆಯವಳ ಬಾಯಿ ಮುಚ್ಚಿಸಾಕೆ ತಾನೇ?"

"ಮಣ್ಣು ಮುಟ್ಟಿದ್ದು ಆಟಾನಾ?" ಅಂದಳು. "ಅದ್ನ ನಾನು ವಾಂಗ್ಕೊಂಡಾಯ್ತು, ಇಸ್ಕೊಂಡಾಯ್ತು. ತಲೆ ಮೇಲೆ ಹೊತ್ಕೊಂಡದ್ನ ಮಗಾ ಮೇಲೆ ಒರ್ಸಲಾ?"

"ಮಗು ಗುಂಡುಕಲ್ಲಿನ ಹಾಗೆ ಐತೆ, ಏನೂ ಆಗಿಲ್ಲ!"

"ನಾ ದೂರ ಇರಾದಕ್ಕೇ ನಲ್ಲಾ ಐತೆ."

ಮಗು ಚೆನ್ನಾಗಿ ಬೆಳೆದಷ್ಟೂ ಅವಳ ನಂಬಿಕೆ ಗಟ್ಟಿಯಾಗುತ್ತಾ ಹೋಯಿತು. ಸೊಸೆ ಕಾಲು ಹಿಡಿದು ಅತ್ತಳು, ಮಗ ರೇಗಿದ, ಪೂಜಾರಿಯನ್ನು ಕರೆಸಿ ಶಾಂತಿಯೂ ಮಾಡಿಸಿದ್ದಾಯಿತು. ಅವ್ವ ಎಲ್ಲಕ್ಕೂ ಹೂಂ ಅಂದಳು, ಮುಟ್ಟಲಿಲ್ಲ. ಮಗು ಅತ್ತರೆ ಬಾಗಿಲಾಚೆ ನಿಂತು ಲಾಲಿ ಹೇಳೋಳು, ಕೈ ಮಾತ್ರ ಹಿಂದಕ್ಕೆ ಕಟ್ಟಿಕೊಂಡಿರುತ್ತಿತ್ತು. ನನಗೆ ಆ ಹಿತ್ತಲ ಮೇಲೆ ಹೇಸಿಗೆ ಬಂದುಹೋಯಿತು. ಬಂದವರೆಲ್ಲ ಎಷ್ಟು ಚೆಂದ ಮಾಡಿಸಿದ್ದೀರಿ ಅನ್ನುತ್ತಿದ್ದರು.

ಹೋದ ತಿಂಗಳು ನಾನು ಹೋಗಿದ್ದಾಗ ಸಂಜೆ ಎಲ್ಲರೂ ಹಿತ್ತಲಲ್ಲೇ ಇದ್ದೆವು. ಅವ್ವ ಬೆಂಚಿನ ಮೇಲೆ ಕೂತು ನುಗ್ಗೆ ಸೊಪ್ಪು ಬಿಡಿಸುತ್ತಿದ್ದಳು. ಮಗು ಅಂಬೆಗಾಲಿಡಲು ಕಲಿತು ಕೆಲವೇ ದಿನವಾಗಿತ್ತು. ತಾಯಿ ಬಾಗಿಲ ಹತ್ತಿರ ಇಳಿಸಿದಳು, ಅವನು ಹೊಸ ನೆಲದ ಮೇಲೆ ಪಟಪಟ ಅಂಗೈ ಬಡಿಯುತ್ತಾ ನೆಟ್ಟಗೆ ಅಜ್ಜಿಯ ಕಡೆಗೇ ಹೊರಟ. ಅವ್ವ ನೋಡಿದಳು. ಕಾಲು ಮೇಲೆ ಎಳೆದುಕೊಳ್ಳುವಷ್ಟರಲ್ಲಿ ಅವನು ಸೀರೆಯ ಅಂಚು ಹಿಡಿದು, ಅದನ್ನೇ ಜಗ್ಗುತ್ತಾ ಎದ್ದು ನಿಂತು, ಅವಳ ಎರಡು ಮೊಣಕಾಲನ್ನೂ ತಬ್ಬಿಕೊಂಡುಬಿಟ್ಟ.

ಸೊಪ್ಪು ಚೆಲ್ಲಿತು. ಪೊಲೀಸರು ಹಿಡಿದವರ ಹಾಗೆ ಅವ್ವ ಎರಡೂ ಕೈ ಮೇಲಕ್ಕೆತ್ತಿದಳು. "ಬಾರೇ! ಬಂದು ಎತ್ಕೋ ಇವನ್ನ! ಬಿದ್ ಹೋಗ್ತಾನೆ, ಬಾರೇ ತಾಯಿ!"

ಸೊಸೆ ಬಾಗಿಲಲ್ಲಿ ನಿಂತಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಸಾಕು. ಅವಳು ಹೊಸ್ತಿಲ ಮೇಲೆ ಕೂತುಕೊಂಡಳು. "ನನ್ ಕೈಲಾಗಲ್ಲ ಅತ್ತೆ," ಅಂದಳು, ಕನ್ನಡದಲ್ಲೇ, ಸ್ಪಷ್ಟವಾಗಿ. "ನೀವೇ ಹಿಡ್ಕೊಳ್ಳಿ."

ಮಗುವಿನ ಕಾಲು ನಡುಗಲು ಶುರುವಾಯಿತು. ಅವ್ವ ಎರಡೂ ಕೈ ಮೇಲೆತ್ತಿಕೊಂಡೇ ನನ್ನ ಕಡೆ ತಿರುಗಿದಳು. ನಾನೂ ಏಳಲಿಲ್ಲ.