ಬಂಡೆ ಕಡೆಯ ಗೋಡೆ

ಕೋಗಿಲಿನಲ್ಲಿ ನಮ್ಮ ಬೀದಿಯ ಹಳೆಯ ಮನೆಗಳಿಗೆ ಪಶ್ಚಿಮದ ಗೋಡೆಯಲ್ಲಿ ಕಿಟಕಿಯಿಲ್ಲ. ಆ ಕಡೆ ಕಲ್ಲಿನ ಕ್ವಾರಿ ಇತ್ತು; ಊರವರ ಬಾಯಲ್ಲಿ ಅದು ಬಂಡೆ. ಮಧ್ಯಾಹ್ನ ಸೀಟಿ ಊದಿ ಮದ್ದು ಸಿಡಿಸಿದರೆ ಕಲ್ಲಿನ ಚೂರುಗಳು ಬೀದಿಯವರೆಗೂ ಬಂದು ಬೀಳುತ್ತಿದ್ದವು. ಆ ಸದ್ದು ಕೇಳಿದ ಮೇಲೆಯೇ ಎಲ್ಲರೂ ಊಟಕ್ಕೆ ಕೂರುತ್ತಿದ್ದರು.

ಊರು ಬೆಳೆದದ್ದೂ ಆ ಬಂಡೆಯಿಂದಲೇ. ಜಲ್ಲಿ ಲಾರಿಗಳಿಗೆಂದು ಮಾಡಿದ ಮಣ್ಣುದಾರಿ ಈಗ ನಮ್ಮ ಮುಖ್ಯರಸ್ತೆ. ಕಲ್ಲು ಒಡೆಯುವವರಿಗೆ ಟೀ ಕೊಡುತ್ತಿದ್ದ ಗುಡಿಸಲಿನ ಜಾಗದಲ್ಲಿ ಬೇಕರಿಯಿದೆ. ಇಲ್ಲಿನ ಜಲ್ಲಿ ತಣಿಸಂದ್ರದ ಕಟ್ಟಡಗಳಿಗೆ ಹೋಯಿತು. ನಾನು ಶಾಲೆಯಲ್ಲಿದ್ದಾಗ ಕ್ವಾರಿ ನಿಂತಿತು. ಹಳ್ಳವನ್ನು ಮುಚ್ಚಿದರು, ಅದರ ಅಂಚಿನಲ್ಲಿ ಅಪಾರ್ಟ್‌ಮೆಂಟ್ ಎದ್ದಿತು.

ಎಂ.ಎಸ್ಸಿ. ಮುಗಿಸಿ ಮನೆಯಿಂದಲೇ ಕೆಲಸ ಮಾಡತೊಡಗಿದಾಗ ನನಗೆ ಸಿಕ್ಕಿದ್ದು ಪಶ್ಚಿಮದ ಕೋಣೆ. ಹಗಲಲ್ಲೂ ದೀಪ ಬೇಕು. ಕಿಟಕಿ ಇಡಿಸೋಣ ಎಂದೆ. ಅಪ್ಪ, "ನಿಮ್ಮಜ್ಜಿ ಒಪ್ಪಿದ್ರೆ ಇಡಿಸು" ಎಂದು ಜಾರಿಕೊಂಡರು.

"ಬಂಡೆ ಕಡೀಕೆ ಕಿಟ್ಕಿ ಬ್ಯಾಡ ಕಣವ್ವ" ಎಂದರು ಅಜ್ಜಿ.

"ಬಂಡೆನೇ ಇಲ್ವಲ್ಲ ಅಜ್ಜಿ."

"ಇಲ್ದಿದ್ರೆ ಇಲ್ಲ. ಬ್ಯಾಡ."

ಮಳೆಗಾಲ ಪೂರ್ತಿ ಹೀಗೇ ಕಳೆಯಿತು. ಆಮೇಲೆ ಸೋರುವ ಮಾಳಿಗೆಯ ರಿಪೇರಿಗೆ ಗಾರೆ ಮೇಸ್ತ್ರಿ ಬಂದಾಗ ಅವರ ಹತ್ತಿರ ಹೇಳಿದೆ. ಅವರು ಗೋಡೆ ತಟ್ಟಿ ನೋಡಿದರು. "ಏನಜ್ಜಿ, ಈಗ ಅಲ್ಲಿಂದ ಕಲ್ಲು ಹಾರಲ್ಲ. ಹುಡುಗ್ರ ಬಾಲ್ ಹಾರ್ಬೋದು ಅಷ್ಟೇ."

"ಕಲ್ಲಿಗೆ ಯಾರ್ ಎದ್ರುಕೊಂಡಿದ್ರು? ಇವಳ ತಾತ ಅಲ್ಲೇ ಮದ್ದು ಇಡ್ತಿದ್ದಿದ್ದು. ಕಿಟ್ಕಿ ಇದ್ದಿದ್ರೆ ನಾನು ದಿನಾ ಅಲ್ಲೇ ನಿಂತಿರ್ತಿದ್ದೆ. ಒಲೆ ಮೇಲಿನ ಸಾರು ಸೀದೋಗ್ತಿತ್ತು."

ತಾತ ಸತ್ತದ್ದು ಬಂಡೆಯಲ್ಲಲ್ಲ. ಎಷ್ಟೋ ವರ್ಷಗಳ ನಂತರ, ಕಾಯಿಲೆಯಿಂದ. ಆದರೂ ನಾನು ಕಿಟಕಿಯ ಮಾತು ಅಲ್ಲಿಗೇ ಬಿಟ್ಟೆ. ಮರುದಿನ ಅಜ್ಜಿಯೇ ಮೇಸ್ತ್ರಿಯನ್ನು ಕೋಣೆಗೆ ಕರೆದರು. "ಈ ಕತ್ಲಲ್ಲಿ ಕೂತು ಇವಳ ಕಣ್ಣು ಓಗ್ತವೆ. ಒಡೀರಿ."

ಕಿಟಕಿಯ ನೇರ ಎದುರಿಗೆ ಅಪಾರ್ಟ್‌ಮೆಂಟಿನ ಬಾಲ್ಕನಿ. ನನಗೆ ಮುಜುಗರವಾಗಿ ಪರದೆ ಹಾಕಿದೆ. ಮಧ್ಯಾಹ್ನವಾದರೆ ಅಜ್ಜಿ ಬಂದು ಅದನ್ನು ಸರಿಸುತ್ತಾರೆ. ನನ್ನ ಮಂಚದ ಮೇಲೆ ಕೂತು, ಅಲ್ಲಿ ಬಟ್ಟೆ ಒಣಹಾಕುವ ಹೆಂಗಸನ್ನು ಕೂಗುತ್ತಾರೆ:

"ಏನವ್ವ, ನಿಮ್ಮೆಜಮಾನ್ರು ಬಂದ್ರಾ? ಊಟ ಆಯ್ತಾ?"

ನಾನು ಮೀಟಿಂಗಿನ ಮೈಕ್ ಆಫ್ ಮಾಡುತ್ತೇನೆ.